ಅಲಂಕಾರ ಪಾಠಕ್ಕೆ ರಟ್ಟಿನ ಪಟ್ಟಿ: ನನ್ನ ಅನುಭವ

ಕರ್ನಾಟಕ ಸಂಗೀತದ ಸಪ್ತತಾಳದ ಅಲಂಕಾರಗಳಿಗೆ (ಏಳು ತಾಳಗಳಲ್ಲಿ ಹಾಡುವ ಆರಂಭದ ಸ್ವರಾಭ್ಯಾಸಕ್ಕೆ) ರಟ್ಟಿನ ಪಟ್ಟಿ ಬಳಸುತ್ತೇನೆ ಎಂದಾಗ 'ಇದೇನು ಬಾಲವಾಡಿಯೇ?' ಎಂದವರೇ ಹೆಚ್ಚು. ಈಗ ಹದಿನೆಂಟು-ಇಪ್ಪತ್ತು ಮಕ್ಕಳ ಗುಂಪು ಧ್ರುವತಾಳವನ್ನು ಎರಡನೇ ಕಾಲದಲ್ಲೂ (ತಾಳ ಅದೇ, ಸ್ವರ ಇಮ್ಮಡಿ ವೇಗ) ಕೈ ತಪ್ಪದೆ ಹಾಕುತ್ತದೆ.

ತಾಳದ ಒಂದು ಎಣಿಕೆಗೆ, ಅಂದರೆ ಒಂದು ಅಕ್ಷರಕ್ಕೆ 4 ಸೆಂ.ಮೀ. ಲೆಕ್ಕ. ಲಘು ಎಂದರೆ ಒಂದು ಪೆಟ್ಟು, ಆಮೇಲೆ ಬೆರಳೆಣಿಕೆ; ಚತುರಶ್ರ, ಖಂಡ, ಮಿಶ್ರ, ತಿಶ್ರ ಅದರ ಉದ್ದದ ಹೆಸರು. ದ್ರುತ ಎಂದರೆ ಒಂದು ಪೆಟ್ಟು, ಒಂದು ಹುಸಿ (ಕೈ ತಿರುಗಿಸುವುದು). ಅನುದ್ರುತ ಒಂದೇ ಪೆಟ್ಟು. ಚತುರಶ್ರ ಲಘು 16 ಸೆಂ.ಮೀ.ನದು ಮೂರು, ಖಂಡ ಲಘು 20ರದು ಎರಡು, ಮಿಶ್ರ 28ರದು ಒಂದು, ತಿಶ್ರ 12ರದು ಒಂದು, ದ್ರುತ 8ರದು ಎರಡು, ಅನುದ್ರುತ 4ರದು ಒಂದು. ಈ ಹತ್ತು ತುಂಡಿನಲ್ಲಿ ಏಳೂ ತಾಳ ಕೂರುತ್ತವೆ. ಮೊದಲು 6 ಸೆಂ.ಮೀ. ಲೆಕ್ಕದಲ್ಲಿ ಕತ್ತರಿಸಿದ್ದೆ. ಹದಿನಾಲ್ಕು ಅಕ್ಷರದ ಧ್ರುವ, ಅಟ 84 ಸೆಂ.ಮೀ. ಉದ್ದವಾಗಿ, ಕೂತ ಮಗು ಬಗ್ಗಿ ಬಗ್ಗಿ ಶ್ರುತಿಯನ್ನೇ ಬಿಡುತ್ತಿತ್ತು.

ಬಣ್ಣದ ಮುದ್ರಣ, ಲ್ಯಾಮಿನೇಷನ್ ಎಂದು ಖರ್ಚಾದ ಎರಡು ಸಾವಿರ ನೀರಿನಲ್ಲಿ ಹೋಮ. ನೆಲದ ಮೇಲೆ ಪಟ್ಟಿ ಜಾರುತ್ತಿತ್ತು, ಟ್ಯೂಬ್‌ಲೈಟು ಹೊಳೆಯುತ್ತಿತ್ತು. ಅದಕ್ಕಿಂತ ದೊಡ್ಡ ತಪ್ಪು ಬಣ್ಣ: ಮಕ್ಕಳು 'ಕೆಂಪು, ಹಳದಿ' ಎಂದು ನೆನಪಿಟ್ಟರೇ ಹೊರತು ಬೆರಳು ಎಣಿಸಲಿಲ್ಲ. ಈಗ ಬೈಂಡಿಂಗ್ ಅಂಗಡಿಯ ಬೂದು ರಟ್ಟು ಸಾಕು. ಹತ್ತು ಸೆಟ್‌ಗೆ ಮೂರು ಹಾಳೆ, ಇನ್ನೂರೈವತ್ತರ ಆಸುಪಾಸು. ಚಾಪೆಯ ಮೇಲೆ ಹಾಸಿದರೆ ಜಾರುವುದಿಲ್ಲ.

ಇಬ್ಬರಿಗೊಂದು ಸೆಟ್. ಒಬ್ಬರು ತೊಡೆಯ ಮೇಲೆ ತಾಳ ಹಾಕಿ ಹಾಡಬೇಕು, ಇನ್ನೊಬ್ಬರು ಅಕ್ಷರಕ್ಕೊಂದು ಹೆಜ್ಜೆಯಂತೆ ಹುಣಸೆಬೀಜ ಸರಿಸಬೇಕು. ಧ್ರುವದಲ್ಲಿ ಸರಿಗಮ, ಗರಿ, ಸರಿಗರಿ, ಸರಿಗಮ ಎನ್ನುವಾಗ 'ಗರಿ'ಯ ಪೆಟ್ಟು-ಹುಸಿ ಮುಗಿದರೂ ಕಿರುಬೆರಳು ಮಡಿಸುವ ಮಕ್ಕಳಿರುತ್ತಾರೆ. ಬೀಜ ಮುಂದಿನ ಲಘುವಿಗೆ ದಾಟಿರುತ್ತದೆ, ಜೊತೆಯವರೇ ಕೂಗುತ್ತಾರೆ. ನನ್ನ ಗಂಟಲು ಉಳಿಯಿತು. ಝಂಪೆಯದು ಬೇರೆ ರೋಗ: ಸರಿಗಸರಿಸರಿ, ಗ, ಮ ಆದಮೇಲೆ ಮಧ್ಯಮದ ಕಾರ್ವೆ ('ಮ'ವನ್ನು ಇನ್ನೊಂದು ಅಕ್ಷರ ಎಳೆಯುವುದು) ನುಂಗಿ, ಹತ್ತು ಅಕ್ಷರದ ಆವರ್ತವನ್ನು (ತಾಳದ ಒಂದು ಸುತ್ತು) ಒಂಬತ್ತಕ್ಕೇ ಮುಗಿಸುತ್ತಾರೆ. ಕೊನೆಯ ದ್ರುತದ ಎರಡನೇ ಮನೆಯಲ್ಲಿ ಬೀಜ ಕೂರುವವರೆಗೆ 'ಮ' ಬಿಡಕೂಡದು ಎಂದರೆ ಸರಿಹೋಗುತ್ತದೆ.

ಎರಡನೇ ಕಾಲಕ್ಕೆಂದು ಅರ್ಧ ಅಳತೆಯ ಪಟ್ಟಿ ಮಾಡಿದ್ದು ಶುದ್ಧ ಪೆದ್ದುತನ. ತಾಳ ಎಲ್ಲಿ ಕಿರಿದಾಗುತ್ತದೆ? ಬೀಜದ ನಡೆ ಅದೇ, ಬಾಯಿ ಮಾತ್ರ ಇಮ್ಮಡಿ. ಏಳರಲ್ಲಿ ಯಾವ ತಾಳದಿಂದ ಶುರು ಮಾಡುತ್ತೇನೆ ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಪುಸ್ತಕದ ಕ್ರಮವಂತೂ ಅಲ್ಲ.

ಸ್ವರಲಿಪಿಯ ಪುಸ್ತಕ ಮೊದಲೇ ಕೊಡಬೇಡಿ. ಕಣ್ಣು ಪುಟಕ್ಕೆ ಅಂಟಿದರೆ ಕೈ ನಿಂತಿತು. ಬಾಯಿಪಾಠವಾದ ಮೇಲೆ ಪಟ್ಟಿ ನೋಡಿ ತಾವೇ ಗೆರೆ ಎಳೆದು ಬರೆದುಕೊಳ್ಳಲಿ. ಹಿಂದೆ ಮೂರು ತಿಂಗಳು ಹಿಡಿಯುತ್ತಿದ್ದದ್ದು ಏಳೆಂಟು ವಾರಕ್ಕೆ ಇಳಿದಿದೆ.

ನಡುವೆ ಶ್ರುತಿಯ ಮೇಲೂ ಕೈಯಾಡಿಸಿದೆ. ಏಳೆಂಟು ವರ್ಷದವರಿಗೆ ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಮಧ್ಯ ಸ್ಥಾಯಿಯ ಷಡ್ಜ, ಅಂದರೆ 'ಸ', ಗೊಣಗಿದಂತಾಗುತ್ತಿತ್ತು, ಆರಕ್ಕೆ ಏರಿಸಿದರೆ ತೆರೆಯಿತು. ಅಗ್ಗದ ಬ್ಲೂಟೂತ್ ಸ್ಪೀಕರಿನಲ್ಲಿ ತಂಬೂರಿಯ ಮಂದ್ರ (ತಗ್ಗು ಸ್ವರ) ಕೇಳಿಸುವುದೇ ಇಲ್ಲ. ಹಳೆಯ ಶ್ರುತಿಪೆಟ್ಟಿಗೆಯನ್ನೇ ಮಕ್ಕಳ ಬೆನ್ನ ಹಿಂದೆ ಇಟ್ಟಿದ್ದೇನೆ. ನನ್ನ ಪಕ್ಕದಲ್ಲಿದ್ದಾಗ ಅದು ಮುಂದಿನ ಸಾಲಿಗಷ್ಟೇ ಕೇಳುತ್ತಿತ್ತು, ಹಿಂದಿನ ಸಾಲು ಪಕ್ಕದವರ ಅಪಶ್ರುತಿಗೆ ಶ್ರುತಿ ಸೇರಿಸುತ್ತಿತ್ತು.