ಸೂಪರ್‌ಕಾರಿನ ಆಪ್ಷನ್ ಪಟ್ಟಿ: ನಾನು ಉಳಿಸಿಕೊಂಡದ್ದು, ಹೊಡೆದು ಹಾಕಿದ್ದು

ನಾನು ಕೊಂಡ ಮೊದಲ ಸೂಪರ್‌ಕಾರು ಸೆಕೆಂಡ್ ಹ್ಯಾಂಡ್. ಅದರ ಮೊದಲ ಮಾಲೀಕರು ಆಪ್ಷನ್ ಪಟ್ಟಿಯಲ್ಲಿ, ಅಂದರೆ ಹೆಚ್ಚಿನ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಸೌಕರ್ಯಗಳ ಪಟ್ಟಿಯಲ್ಲಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಟಿಕ್ ಹಾಕಿದ್ದರು. ಕಾರಿನ ಫೈಲಿನ ಜೊತೆ ಆ ಪಟ್ಟಿಯೂ ನನ್ನ ಕೈಗೆ ಬಂತು. ಸಣ್ಣ ಅಕ್ಷರದಲ್ಲಿ ಎರಡು ಪುಟ. ಕೂತು ಕೂಡಿಸಿ ನೋಡಿದೆ. ಕಾರಿನ ಮೂಲ ಬೆಲೆಯ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ದುಡ್ಡು ಬರೀ ಆಪ್ಷನ್‌ಗಳಿಗೆ ಹೋಗಿತ್ತು. ಅದೇ ವರ್ಷದ, ಅಷ್ಟೇ ಓಡಿದ, ಆಪ್ಷನ್ ಕಡಿಮೆ ಇದ್ದ ಇನ್ನೊಂದು ಕಾರನ್ನೂ ನಾನು ಆಗ ನೋಡಿದ್ದೆ. ಅದಕ್ಕಿಂತ ಇದಕ್ಕೆ ಕೊಟ್ಟದ್ದು ಸ್ವಲ್ಪವೇ ಜಾಸ್ತಿ. ಮಿಕ್ಕಿದ್ದೆಲ್ಲ ಮೊದಲ ಮಾಲೀಕರ ತಲೆಗೇ ಬಂದಿತ್ತು.

ನಾಲ್ಕು ವರ್ಷ ಆ ಕಾರು ಓಡಿಸಿದೆ. ಆಮೇಲೆ ಮಾರಿ, ಹೊಸದೊಂದನ್ನು ನಾನೇ ಆರ್ಡರ್ ಮಾಡಿದೆ. ಈಗ ಪೆನ್ನು ನನ್ನ ಕೈಯಲ್ಲಿತ್ತು.

ಕಾನ್ಫಿಗರೇಟರ್ (ಆಪ್ಷನ್ ಆರಿಸುವ ಕಂಪನಿಯ ವೆಬ್ ಪುಟ) ಮುಂದೆ ಕೂತ ಮೊದಲ ರಾತ್ರಿ ನನಗೂ ಅದೇ ಆಯಿತು. ಪರದೆಯ ಮೇಲೆ ಕಾರು ತಿರುಗುತ್ತಾ ಇರುತ್ತದೆ. ಟಿಕ್ ಹಾಕಿದ ಹಾಗೆಲ್ಲ ಇನ್ನಷ್ಟು ಚೆಂದ ಕಾಣುತ್ತದೆ. ಕಾರಿಗೇ ಇಷ್ಟು ಕೊಡುತ್ತಿದ್ದೇನೆ, ಇದೇನು ಮಹಾ ಅನ್ನಿಸುತ್ತದೆ. ಹೊರಗೆ ಬೇರೆ ಯಾವ ವಸ್ತುವಿಗೂ ಆ ಬೆಲೆ ಕೊಡಲು ನಾವು ಒಪ್ಪುವುದಿಲ್ಲ. ಇಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡು ಒಪ್ಪುತ್ತೇವೆ. ನಾನು ಎದ್ದಾಗ 23 ಟಿಕ್ ಬಿದ್ದಿತ್ತು.

ಮಾರನೆಯ ದಿನ ಹಳೆ ಕಾರಿನ ಆ ಎರಡು ಪುಟ ಹೊರಗೆ ತೆಗೆದೆ. ಒಂದೊಂದು ಸಾಲಿನ ಮುಂದೆಯೂ ಎರಡು ಪ್ರಶ್ನೆ ಬರೆದೆ. ಇದನ್ನು ಆಮೇಲೆ ಹಾಕಿಸಲು ಆಗುತ್ತದಾ? ಓಡಿಸುವಾಗ ಇದು ನನ್ನ ಕೈಗೆ, ಮೈಗೆ, ಕಿವಿಗೆ ಗೊತ್ತಾಗುತ್ತದಾ? ನಾಲ್ಕು ವರ್ಷದ ಅನುಭವ ಇದ್ದದ್ದರಿಂದ ಉತ್ತರ ಹುಡುಕಬೇಕಾಗಲಿಲ್ಲ.

ಒಂದು ಚೂರೂ ಯೋಚಿಸದೆ ಉಳಿಸಿಕೊಂಡದ್ದು ಫ್ರಂಟ್ ಲಿಫ್ಟ್. ಬಟನ್ ಒತ್ತಿದರೆ ಕಾರಿನ ಮೂತಿ ಸುಮಾರು 40 ಮಿಲಿಮೀಟರ್ ಮೇಲೇಳುತ್ತದೆ. ನಾಲ್ಕು ಬೆರಳಿನ ಅಗಲವೂ ಇಲ್ಲ. ಆದರೆ ಆ ನಲವತ್ತು ಮಿಲಿಮೀಟರ್ ಇಲ್ಲದಿದ್ದರೆ ಕಾರನ್ನು ಎಲ್ಲಿಗೆ ಬೇಕಾದರೂ ತೆಗೆದುಕೊಂಡು ಹೋಗುವ ಧೈರ್ಯ ಬರುವುದಿಲ್ಲ. ಹಳೆ ಕಾರಿನಲ್ಲಿ ಎರಡು ಪುಟದ ಆಪ್ಷನ್ ಇತ್ತು, ಲಿಫ್ಟ್ ಮಾತ್ರ ಇರಲಿಲ್ಲ! ಬೇಸ್‌ಮೆಂಟ್ ಪಾರ್ಕಿಂಗ್‌ನ ಇಳಿಜಾರು ಬಂದರೆ ಸಾಕು, ಎದೆ ಧಸಕ್ ಅನ್ನುತ್ತಿತ್ತು. ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಇಳಿಸಿ, ಕಿಟಕಿ ಇಳಿಸಿಕೊಂಡು ಕಿವಿ ಕೊಟ್ಟು ಹೋಗಬೇಕಿತ್ತು. ಅಷ್ಟಾದರೂ ಒಂದು ದಿನ ಕೆಳಗಿನಿಂದ ಕರ್ ಅಂತ ಸದ್ದು ಬಂತು. ಇಳಿದು ಮೊಣಕಾಲೂರಿ ಬಗ್ಗಿ ನೋಡಿದೆ. ಮೂತಿಯ ಕೆಳಗೆ ಚಾಚಿಕೊಂಡ ಕಾರ್ಬನ್ ಫೈಬರ್ ಪಟ್ಟಿ, ಅಂದರೆ ಸ್ಪ್ಲಿಟರ್‌ನ ಅಂಚು ಹೆಬ್ಬೆರಳಷ್ಟು ಉದ್ದಕ್ಕೆ ಎದ್ದು, ನೂಲು ನೂಲಾಗಿ ಹೊರಗೆ ಬಂದಿತ್ತು. ಬೆರಳು ಸವರಿದರೆ ಚುಚ್ಚುತ್ತಿತ್ತು.

ಲಿಫ್ಟ್ ಆಮೇಲೆ ಸುಲಭವಾಗಿ ಹಾಕಿಸುವ ವಸ್ತು ಅಲ್ಲ. ಅದಕ್ಕೆ ಪಂಪ್ ಬೇಕು, ಪೈಪ್ ಬೇಕು, ಬೇರೆಯೇ ಸಸ್ಪೆನ್ಷನ್ ಭಾಗಗಳು ಬೇಕು. ಫ್ಯಾಕ್ಟರಿಯಲ್ಲೇ ಬಂದರೆ ಮಾತ್ರ ಸರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರೂ ಮೊದಲು ಕೇಳುವುದು ಇದನ್ನೇ. ನನ್ನ ಹಳೆ ಕಾರನ್ನು ನೋಡಲು ಬಂದ ಐದು ಜನರಲ್ಲಿ ಮೂವರು ಲಿಫ್ಟ್ ಇದೆಯಾ ಅಂತ ಕೇಳಿದರು. ಚರ್ಮ ಸುತ್ತಿದ ಏಸಿ ವೆಂಟಿನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡದ್ದು ಸೆರಾಮಿಕ್ ಬ್ರೇಕ್ ವಿಷಯಕ್ಕೆ. ಇದರ ಡಿಸ್ಕ್ ಕಬ್ಬಿಣದ್ದಲ್ಲ, ಕಾರ್ಬನ್ ನಾರು ಸೇರಿಸಿದ ಸೆರಾಮಿಕ್. ಹಳೆ ಕಾರಿನಲ್ಲಿ ಇದೇ ಬ್ರೇಕ್ ಇತ್ತು. ಈಗ ಕೆಲವು ಕಂಪನಿಗಳು ಇದನ್ನು ಕಾರಿನ ಜೊತೆಗೇ ಕೊಡುತ್ತವೆ. ಫೆರಾರಿಯಲ್ಲಿ ಅದು ಸ್ಟ್ಯಾಂಡರ್ಡ್. ಬೇರೆ ಕಡೆ ಆಪ್ಷನ್ ಆಗಿದ್ದರೆ ಪಟ್ಟಿಯಲ್ಲಿ ತುಂಬಾ ದುಬಾರಿ ಸಾಲುಗಳಲ್ಲಿ ಅದೂ ಒಂದು. ಪೋರ್ಷೆ 2001ರಲ್ಲಿ 911 ಜಿಟಿ2 ಜೊತೆ ಇದನ್ನು ತಂದಿತು. ಪೋರ್ಷೆಯಲ್ಲಿ ಹಳದಿ ಕ್ಯಾಲಿಪರ್ (ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಕಂಡರೆ ಸೆರಾಮಿಕ್ ಅಂತ ಜನ ಗುರುತಿಸಲು ಶುರು ಮಾಡಿದ್ದು ಆಗಿನಿಂದ. ಡಿಸ್ಕಿನ ತೂಕ ಅದೇ ಅಳತೆಯ ಕಬ್ಬಿಣದ ಡಿಸ್ಕಿನ ಅರ್ಧದಷ್ಟು. ಈ ಭಾರ ಸಸ್ಪೆನ್ಷನ್ ಕೆಳಗೆ, ಚಕ್ರದ ಜೊತೆ ಸುತ್ತುವ ಜಾಗದಲ್ಲಿ ಕಡಿಮೆಯಾಗುತ್ತದೆ. ಅದಕ್ಕೇ ಸ್ಟೀರಿಂಗ್ ಹಗುರ, ಗುಂಡಿ ರಸ್ತೆಯಲ್ಲೂ ಚಕ್ರ ನೆಲ ಬಿಡುವುದು ಕಡಿಮೆ. ಚಕ್ರಕ್ಕೆ ಅಂಟುವ ಕಪ್ಪು ಧೂಳು ಹೆಚ್ಚುಕಡಿಮೆ ಇಲ್ಲ. ತುಕ್ಕು ಇಲ್ಲ. ಇದೆಲ್ಲ ನಿಜ, ನಾಲ್ಕು ವರ್ಷ ನಾನೇ ಅನುಭವಿಸಿದ್ದೇನೆ.

ಆದರೆ ಇನ್ನೊಂದು ಮುಖವೂ ಇದೆ. ಸೆರಾಮಿಕ್ ಡಿಸ್ಕ್ ಸವೆದಿದೆಯಾ ಅಂತ ನೋಡಲು ದಪ್ಪ ಅಳೆದರೆ ಸಾಲದು. ರೇಸ್ ಟ್ರ್ಯಾಕ್‌ನಲ್ಲಿ ವಿಪರೀತ ಬಿಸಿಯಾದರೆ ಒಳಗಿನ ಕಾರ್ಬನ್ ನಾರು ಸುಟ್ಟು ಹೋಗುತ್ತದೆ. ದಪ್ಪ ಹಾಗೇ ಇರುತ್ತದೆ, ತೂಕ ಇಳಿಯುತ್ತದೆ. ಅದಕ್ಕೇ ಡಿಸ್ಕಿನ ಮೇಲೆ ಕನಿಷ್ಠ ತೂಕ ಎಷ್ಟಿರಬೇಕು ಅಂತ ಬರೆದಿರುತ್ತಾರೆ. ಬಿಚ್ಚಿ, ತೊಳೆದು, ಒಣಗಿಸಿ ತಕ್ಕಡಿಯಲ್ಲಿಟ್ಟು ತೂಗಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಈ ತೂಕದ ಲೆಕ್ಕ ಕೇಳಿ. ಬರೀ ಟಾರ್ಚ್ ಹಾಕಿ ನೋಡಿ ಚೆನ್ನಾಗಿದೆ ಅಂದರೆ ನಂಬಬೇಡಿ.

ಇನ್ನೊಂದು ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತೆ. ಹಳೆ ಕಾರಿಗೆ ಟೈರ್ ಬದಲಿಸಲು ಒಂದು ಟೈರ್ ಅಂಗಡಿಗೆ ಹೋಗಿದ್ದೆ. ಅಲ್ಲಿನ ಹುಡುಗ ಬೋಲ್ಟ್ ಎಲ್ಲ ಬಿಚ್ಚಿ ಚಕ್ರವನ್ನು ಸುಮ್ನೆ ಎಳೆದ. ಚಕ್ರ ಜಾರಿ, ರಿಮ್ಮಿನ ಒಳಭಾಗ ಡಿಸ್ಕಿನ ಅಂಚಿಗೆ ಬಡಿಯಿತು. ಟಣ್ ಅಂತ, ಪಿಂಗಾಣಿ ತಟ್ಟೆಗೆ ಚಮಚ ತಾಗಿದ ಹಾಗೆ ಸದ್ದು. ಹತ್ತಿರ ಹೋಗಿ ನೋಡಿದರೆ ಉಗುರಿನಷ್ಟು ಚೂರು ಹಾರಿಹೋಗಿತ್ತು. ಕಬ್ಬಿಣದ ಡಿಸ್ಕ್ ಆಗಿದ್ದರೆ ಒಂದು ಗೀರೂ ಬೀಳುತ್ತಿರಲಿಲ್ಲ. ಒಂದು ಡಿಸ್ಕ್ ಹೋಗಿದ್ದರೂ ಮುಂಬದಿ ಚಕ್ರಗಳ ಎರಡು ಡಿಸ್ಕನ್ನೂ ಜೋಡಿಯಾಗಿ ಬದಲಿಸಿದೆವು. ಆ ಬಿಲ್ ನೋಡಿದಾಗ ಹೊಟ್ಟೆ ಚುರ್ ಅಂದದ್ದು ಈಗಲೂ ನೆನಪಿದೆ. ಸರಿಯಾದ ಕ್ರಮ ಏನೆಂದರೆ, ಮೊದಲು ಒಂದು ಬೋಲ್ಟ್ ತೆಗೆದು ಆ ಜಾಗದಲ್ಲಿ ಉದ್ದನೆಯ ಗೈಡ್ ಪಿನ್ ಹಾಕಬೇಕು. ಉಳಿದ ಬೋಲ್ಟ್ ತೆಗೆದ ಮೇಲೆ ಚಕ್ರ ಆ ಪಿನ್ ಮೇಲೆ ನೇರವಾಗಿ ಜಾರಿ ಹೊರಗೆ ಬರುತ್ತದೆ. ಅಂದಿನಿಂದ ಪಿನ್ ಯಾವಾಗಲೂ ನನ್ನ ಬ್ಯಾಗಿನಲ್ಲೇ ಇರುತ್ತದೆ. ಹುಡುಗನನ್ನು ಬೈಯಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪಕ್ಕದಲ್ಲೇ ನಿಂತಿದ್ದ ನಾನೂ ಹೇಳಿರಲಿಲ್ಲ.

ಹೊಸ ಕಾರಿಗೆ ಕಬ್ಬಿಣದ ಡಿಸ್ಕೇ ಸಾಕು ಅಂದೆ. ನಾನು ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕ್‌ಗೆ ಹೋಗುವವನು. ಅಲ್ಲಿ ಡಿಸ್ಕ್ ಅನ್ನೋದು ಟೈರಿನ ಹಾಗೆ, ಸವೆಯುವುದೇ ಅದರ ಕೆಲಸ. ಬರೀ ರಸ್ತೆಯಲ್ಲಿ ಓಡಿಸುವವರಿಗೆ ನನ್ನ ಮಾತು ಉಲ್ಟಾ. ನೀವು ಟ್ರ್ಯಾಕ್ ಕಡೆ ತಲೆ ಹಾಕದಿದ್ದರೆ ಸೆರಾಮಿಕ್ ತುಂಬಾ ವರ್ಷ ಬಾಳುತ್ತದೆ, ಚಕ್ರ ಸದಾ ಚೊಕ್ಕವಾಗಿರುತ್ತದೆ. ವೇಗದ ಚಾಲಕರಿಗೇ ಸೆರಾಮಿಕ್ ಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನನ್ನ ಅನುಭವದಲ್ಲಿ ಅದು ಹಾಗಲ್ಲ.

ಸೀಟಿನ ಬಗ್ಗೆ ಒಂದೇ ಮಾತು: ಕೂರದೆ ಆರ್ಡರ್ ಮಾಡಬೇಡಿ. ಹಳೆ ಕಾರಿನಲ್ಲಿ ಕಾರ್ಬನ್ ಬಕೆಟ್ ಸೀಟ್ ಇತ್ತು. ಬೆನ್ನಿನ ಭಾಗ ಮುಂದೆ ಹಿಂದೆ ಬಾಗುವುದಿಲ್ಲ. ನನಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಹೊಂದಿತ್ತು. ನನ್ನ ಹೆಂಡತಿ ಎರಡು ಗಂಟೆ ಪಕ್ಕದಲ್ಲಿ ಕೂತು, ಇಳಿದು, ಸೊಂಟ ಹಿಡಿದುಕೊಂಡು, "ಇನ್ಮೇಲೆ ನೀವೊಬ್ರೇ ಹೋಗಿ ಬನ್ನಿ" ಅಂದಳು. ಆಮೇಲೆ ನಿಜಕ್ಕೂ ಬರಲಿಲ್ಲ. ಒಂದು ಆಪ್ಷನ್‌ನಿಂದ ನಾವಿಬ್ಬರೂ ಜೊತೆಯಾಗಿ ಹೋಗಬಹುದಾಗಿದ್ದ ಎಷ್ಟೋ ಪ್ರಯಾಣ ತಪ್ಪಿತು. ಹೊಸ ಕಾರು ಆರ್ಡರ್ ಮಾಡುವ ಮೊದಲು ಇಬ್ಬರೂ ಶೋರೂಮಿಗೆ ಹೋದೆವು. ಡೆಮೊ ಕಾರಿನಲ್ಲಿ ಅರ್ಧ ಗಂಟೆ, ಎಂಜಿನ್ ಆಫ್ ಮಾಡಿಕೊಂಡು, ಸುಮ್ನೆ ಕೂತೆವು. ಸೇಲ್ಸ್‌ನವರಿಗೆ ವಿಚಿತ್ರ ಅನ್ನಿಸಿರಬೇಕು. ಬೆನ್ನು ಬಾಗುವ, ಪಕ್ಕದ ಉಬ್ಬು ಸರಿಹೊಂದಿಸಬಹುದಾದ ಸೀಟನ್ನು ಅವಳೇ ಆರಿಸಿದಳು. ಪಟ್ಟಿಯಲ್ಲಿ ಅತ್ಯಂತ ಸಾರ್ಥಕವಾದ ದುಡ್ಡು ಅದೇ.

ಕಾರ್ಬನ್ ಅಲಂಕಾರಗಳನ್ನೆಲ್ಲ ಹೊಡೆದು ಹಾಕಿದೆ. ಮಿರರ್ ಕವರ್, ಬಾಗಿಲ ಹೊಸ್ತಿಲಿನ ಪಟ್ಟಿ, ಎಂಜಿನ್ ಕೋಣೆಯ ಮುಚ್ಚಳ. ಇವು ಕಾರನ್ನು ಹಗುರ ಮಾಡುತ್ತವೆ ಅನ್ನುವುದು ಹೆಚ್ಚಿನ ಸಲ ನೆಪ. ಪೋರ್ಷೆಯ 2018ರ 911 ಜಿಟಿ3 ಆರ್‌ಎಸ್ ತೆಗೆದುಕೊಳ್ಳಿ. ಕಾರ್ಬನ್ ಛಾವಣಿ, ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಕಾರ್ಬನ್ ಆ್ಯಂಟಿ ರೋಲ್ ಬಾರ್ ಎಲ್ಲ ಸೇರಿದ ವೈಸಾಕ್ ಪ್ಯಾಕೇಜ್ ಉಳಿಸುತ್ತಿದ್ದದ್ದು ಸುಮಾರು 6 ಕೆಜಿ. ಅಂದರೆ ಎಂಟು ಲೀಟರ್ ಪೆಟ್ರೋಲ್ ಕಡಿಮೆ ತುಂಬಿದಷ್ಟು. ಅದೇ ಕಾರಿಗೆ ಸಿಗುತ್ತಿದ್ದ ಮೆಗ್ನೀಸಿಯಮ್ ಚಕ್ರಗಳು ಇನ್ನೂ 11.5 ಕೆಜಿ ಇಳಿಸುತ್ತಿದ್ದವು, ಅದೂ ಚಕ್ರದಲ್ಲೇ. ತೂಕವೇ ಬೇಕಿದ್ದರೆ ಎಲ್ಲಿ ದುಡ್ಡು ಹಾಕಬೇಕು ಅಂತ ಈ ಎರಡು ಅಂಕಿಗಳೇ ಹೇಳುತ್ತವೆ. ಕಾರ್ಬನ್ ಮೇಲಿನ ಲ್ಯಾಕರ್ ಬಿಸಿಲಿಗೆ ಹಳದಿಯಾಗುವುದನ್ನೂ ನಾನು ಕಂಡೆ. ಮೂರನೇ ವರ್ಷಕ್ಕೆ ಹಳೆ ಕಾರಿನ ಬಲಗಡೆ ಮಿರರ್ ಕವರ್ ಎಡಗಡೆಯದ್ದಕ್ಕಿಂತ ಬೇರೆ ಬಣ್ಣ ಕಾಣುತ್ತಿತ್ತು. ನಾನು ನಿಲ್ಲಿಸುವ ಜಾಗದಲ್ಲಿ ಮಧ್ಯಾಹ್ನದ ಬಿಸಿಲು ಬಲಗಡೆಗೇ ಬೀಳುತ್ತದೆ.

ಕಾರಿನ ಬಣ್ಣದ ಕೀ, ಚರ್ಮ ಸುತ್ತಿದ ಫ್ಯೂಸ್ ಬಾಕ್ಸ್ ಮುಚ್ಚಳ, ಬೇರೆ ಬಣ್ಣದ ಹೊಲಿಗೆ, ಹೆಡ್‌ರೆಸ್ಟ್ ಮೇಲೆ ಲಾಂಛನ. ಇವಕ್ಕೆಲ್ಲ ಒಂದೇ ಗೆರೆ ಎಳೆದೆ.

ಮಾರುವಾಗ ಆಪ್ಷನ್ ದುಡ್ಡು ವಾಪಸ್ ಬರುತ್ತದೆ ಅಂತ ಹೇಳುವವರು ಸಿಗುತ್ತಾರೆ. ಹಾಗೆ ಆಗಿರುವುದೂ ಉಂಟು. ಫೆರಾರಿ ಎಫ್430 ಬಂದಾಗ ಹೆಚ್ಚಿನವರು ಸ್ಟೀರಿಂಗ್ ಹಿಂದಿನ ಪಟ್ಟಿ ಎಳೆದು ಬದಲಿಸುವ ಪ್ಯಾಡಲ್ ಗೇರ್ ತೆಗೆದುಕೊಂಡರು. ಈಗ ಲೋಹದ ಗೇಟಿನ (ಗೇರ್ ಲಿವರ್ ಓಡಾಡುವ ಸೀಳುಗಳಿರುವ ತಟ್ಟೆ) ಮ್ಯಾನುಯಲ್ ಗೇರ್ ಇರುವ ಕಾರಿಗೆ ತುಂಬಾ ಜಾಸ್ತಿ ಬೆಲೆ. ಫೆರಾರಿಯದೇ 599 ಮ್ಯಾನುಯಲ್ ಅಂತೂ ಪ್ರಪಂಚಕ್ಕೆಲ್ಲ ಸುಮಾರು 30 ಮಾತ್ರ. ಆದರೆ ಅವತ್ತು ಮ್ಯಾನುಯಲ್ ತೆಗೆದುಕೊಂಡವರು ಲಾಭಕ್ಕೆ ತೆಗೆದುಕೊಂಡಿರಲಾರರು. ಕ್ಲಚ್ ತುಳಿಯುವ ಆಸೆಗೆ ತೆಗೆದುಕೊಂಡಿರಬೇಕು. 2017ರ 911 ಜಿಟಿ3ಗೆ ದೊಡ್ಡ ರೆಕ್ಕೆ ತೆಗೆದ ಟೂರಿಂಗ್ ಪ್ಯಾಕೇಜ್ ಬಂತು. ಅದಕ್ಕೆ ಪೋರ್ಷೆ ಹೆಚ್ಚಿನ ದುಡ್ಡನ್ನೇ ಕೇಳಲಿಲ್ಲ. ಆಮೇಲೆ ಜನ ಅದನ್ನೇ ಹುಡುಕಿಕೊಂಡು ಹೋದರು. ದುಬಾರಿ ಆಪ್ಷನ್ ಬೇರೆ, ಜನ ಬಯಸುವ ಆಪ್ಷನ್ ಬೇರೆ. ನನ್ನ ಹಳೆ ಕಾರನ್ನು ಕೊಂಡ ಡೀಲರ್ ಆ ಎರಡು ಪುಟದ ಪಟ್ಟಿಯನ್ನು ಕೈಗೆ ತೆಗೆದುಕೊಂಡು, ಒಂದು ಸಲ ಮೇಲಿಂದ ಕೆಳಗೆ ನೋಡಿ, ಮೇಜಿನ ಮೇಲೆ ಮಗುಚಿಟ್ಟರು. ಬೆಲೆ ಹೇಳಿದ್ದು ವರ್ಷ, ಓಡಿದ ಕಿಲೋಮೀಟರ್, ಸರ್ವಿಸ್ ದಾಖಲೆ, ಬಣ್ಣ ನೋಡಿ.

ಬಣ್ಣದ ವಿಷಯಕ್ಕೆ ಬಂದರೆ ನಾನು ನನ್ನದೇ ಲೆಕ್ಕ ಮುರಿದೆ. ಮ್ಯಾಟ್ ಬಣ್ಣ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಅದನ್ನು ಪಾಲಿಶ್ ಮಾಡಲು ಆಗುವುದಿಲ್ಲ. ಉಜ್ಜಿದರೆ ಆ ಜಾಗ ಮಾತ್ರ ಹೊಳೆಯುತ್ತದೆ. ಸಣ್ಣ ಗೀರಿಗೂ ಇಡೀ ಪ್ಯಾನೆಲ್‌ಗೆ ಮತ್ತೆ ಪೇಂಟ್ ಹೊಡೆಸಬೇಕು. ಮ್ಯಾಟ್ ನೋಟವೇ ಬೇಕಿದ್ದರೆ ಮಾಮೂಲಿ ಬಣ್ಣದ ಮೇಲೆ ಮ್ಯಾಟ್ ಫಿಲ್ಮ್ ಹಾಕಿಸಿ, ಬೇಡವಾದಾಗ ಕಿತ್ತು ಹಾಕಬಹುದು.

ಆದರೆ ಪಟ್ಟಿಯಲ್ಲಿ ಇಲ್ಲದ ಒಂದು ಬಣ್ಣ ನನಗೆ ಬೇಕಾಗಿತ್ತು. ಪೋರ್ಷೆಯ ಪೇಂಟ್ ಟು ಸ್ಯಾಂಪಲ್, ಫೆರಾರಿಯ ಟೈಲರ್ ಮೇಡ್, ಲ್ಯಾಂಬೋರ್ಗಿನಿಯ ಆಡ್ ಪೆರ್ಸೊನಾಮ್, ಮೆಕ್ಲಾರೆನ್‌ನ ಎಂಎಸ್ಒ (ಮೆಕ್ಲಾರೆನ್ ಸ್ಪೆಷಲ್ ಆಪರೇಷನ್ಸ್), ಇವೆಲ್ಲ ಇಂಥ ಆಸೆಗಳಿಗಾಗಿಯೇ ಇರುವ ವಿಭಾಗಗಳು. ನಾನು ಆರ್ಡರ್ ಕೊಟ್ಟ ಕಂಪನಿಯಲ್ಲೂ ಅಂಥದ್ದೊಂದು ಇದೆ. ಕಡು ಹಸಿರು, ಒಳಗೆ ಎಲ್ಲೋ ಒಂಚೂರು ನೀಲಿ. ಅಂಗೈ ಅಗಲದ ಮಾದರಿ ತಗಡು ಕಳಿಸಿದ್ದರು. ಅದನ್ನು ಬೆಳಗಿನ ಬಿಸಿಲಿಗೆ ಹಿಡಿದು ನೋಡಿದೆ, ಮೋಡ ಮುಸುಕಿದಾಗ ನೋಡಿದೆ, ರಾತ್ರಿ ಬೀದಿ ದೀಪದ ಕೆಳಗೂ ನೋಡಿದೆ. ದೀಪದ ಕೆಳಗೆ ಅದು ಪೂರ್ತಿ ಕಪ್ಪು. ಬಾಗಿದ ಅಂಚಿನಲ್ಲಿ ಮಾತ್ರ ಒಂದು ಹಸಿರು ಎಳೆ. ಅಷ್ಟು ಸಾಕಾಯಿತು. ಕಾರು ಬರುವುದು ಐದು ತಿಂಗಳು ತಡವಾಯಿತು. ಈ ದುಡ್ಡು ವಾಪಸ್ ಬರುವುದಿಲ್ಲ ಅಂತ ಗೊತ್ತಿದ್ದೇ ಕೊಟ್ಟೆ. ಪ್ರತಿ ದಿನ ಗ್ಯಾರೇಜ್ ಬಾಗಿಲು ಎತ್ತಿದಾಗ ಮೊದಲು ಕಾಣುವುದು ಆ ಬಣ್ಣ. ನನಗೆ ಅದರಲ್ಲಿ ಖುಷಿ ಇದೆ.

ಕೊನೆಗೆ ಉಳಿದದ್ದು ಆರು ಟಿಕ್. ಲಿಫ್ಟ್, ಸೀಟು, ಬಣ್ಣ, ಸ್ಪೋರ್ಟ್ಸ್ ಎಕ್ಸಾಸ್ಟ್, ದೊಡ್ಡ ಪೆಟ್ರೋಲ್ ಟ್ಯಾಂಕ್, ಹಿಂಬದಿ ಕ್ಯಾಮೆರಾ. ಉಳಿದ ದುಡ್ಡಿನಲ್ಲಿ ಮುಂಭಾಗಕ್ಕೆಲ್ಲ ಪಿಪಿಎಫ್ (ಬಣ್ಣಕ್ಕೆ ಗೀರು ಬೀಳದಂತೆ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿದೆ. ಎರಡು ಜೊತೆ ಟೈರು, ಟ್ರ್ಯಾಕ್‌ನಲ್ಲಿ ಕೋಚ್ ಜೊತೆ ಮೂರು ದಿನ. ಇಷ್ಟಾದ ಮೇಲೂ ಸ್ವಲ್ಪ ಮಿಕ್ಕಿತು.

ಪಟ್ಟಿಯಲ್ಲಿಲ್ಲದ ಬಣ್ಣ ಆರಿಸುವವರಿಗೆ ಒಂದು ಮಾತು ಹೇಳಬೇಕು. ಕಾರು ಕೈಗೆ ಬರುವ ದಿನವೇ ಬಣ್ಣದ ಕೋಡ್ ಬರೆಸಿಕೊಳ್ಳಿ, ಟಚ್ ಅಪ್ ಬಾಟಲಿ ಕೇಳಿ ಇಸಿದುಕೊಳ್ಳಿ. ಆ ಮಾದರಿ ತಗಡನ್ನು ವಾಪಸ್ ಕೊಡಬೇಡಿ. ಹೋದ ವರ್ಷ ನನ್ನ ಈ ಕಾರಿನ ಹಿಂಬದಿ ಬಂಪರ್‌ಗೆ ಒಂದು ಪೆಟ್ಟು ಬಿತ್ತು. ಪೇಂಟರ್ ಕೋಡ್ ನೋಡಿ ಕಲಸಿದ ಮೊದಲ ಬಣ್ಣ ಹೊಂದಲಿಲ್ಲ, ನೀಲಿ ಜಾಸ್ತಿಯಾಗಿತ್ತು. ಆ ತಗಡು ಇಟ್ಟುಕೊಂಡು ಅವರು ಮತ್ತೆ ನಾಲ್ಕು ಸಲ ಕಲಸಿದರು. ಐದನೆಯದು ಕೂಡಿತು.