ದ್ವೀಪದ ಐತಿಹಾಸಿಕ ಕಟ್ಟಡ ಮಾರಾಟಕ್ಕೆ ಬಂದಾಗ ನಿವಾಸಿಗಳ ಅಭಿಪ್ರಾಯ ದಾಖಲಿಸುವ ಬಗೆ

ಸ್ಕಾಟ್ಲೆಂಡಿನ ರಮ್ ದ್ವೀಪದಲ್ಲಿ ಜಾರ್ಜ್ ಬುಲೊ ಎಂಬ ಸಿರಿವಂತ 1900ರ ಹೊತ್ತಿಗೆ ಕಟ್ಟಿಸಿದ ಕಿನ್‌ಲಾಕ್ ಕೋಟೆಮನೆಯು 1957ರಲ್ಲಿ ದ್ವೀಪದೊಂದಿಗೇ ಸರ್ಕಾರಿ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೈಸೇರಿತು. ಇತ್ತೀಚೆಗೆ ಅದನ್ನು ಖಾಸಗಿಯವರಿಗೆ ಮಾರುವ ಪ್ರಸ್ತಾಪ ಬಂದಾಗ, ಬೆರಳೆಣಿಕೆಯ ಕುಟುಂಬಗಳಿರುವ ಆ ಊರಿನ ಆತಂಕ ಸಚಿವರವರೆಗೂ ತಲುಪಿತು. 2023ರಲ್ಲಿ ಕೊಳ್ಳಲು ಮುಂದಾಗಿದ್ದವರು ಹಿಂದೆ ಸರಿದರು.

ಇಂಥ ಸಂದರ್ಭದಲ್ಲಿ ಮೊದಲು ಒಡೆತನದ ಪತ್ರಗಳನ್ನೂ ಪಾರಂಪರಿಕ ಕಟ್ಟಡವೆಂಬ ಮಾನ್ಯತೆಯ ದಾಖಲೆಯನ್ನೂ ಪರಿಶೀಲಿಸಿ.

ಬಳಿಕ ಪ್ರಶ್ನಾವಳಿ ಸಿದ್ಧಪಡಿಸಿ. 'ಮಾರಬೇಕೇ, ಬೇಡವೇ' ಎಂಬ ಒಂದೇ ಪ್ರಶ್ನೆಯಿಂದ ಉಪಯೋಗವಿಲ್ಲ, ಏಕೆಂದರೆ ಸೋರುವ ಚಾವಣಿಯ ದುರಸ್ತಿಗೆ ಹಣ ಯಾರು ಹಾಕುತ್ತಾರೆ, ಕಟ್ಟಡದ ಸುತ್ತಲಿನ ದಾರಿ ಎಲ್ಲರಿಗೂ ತೆರೆದಿರುತ್ತದೆಯೇ, ಸ್ಥಳೀಯರಿಗೆ ಕೆಲಸ ಸಿಗುತ್ತದೆಯೇ ಎಂಬುದನ್ನು ಅವಲಂಬಿಸಿ ಅದೇ ವ್ಯಕ್ತಿಯ ಉತ್ತರ ಬದಲಾಗಬಹುದು. ಮಾರಾಟವನ್ನು ಬಯಸುವವರನ್ನೂ ವಿರೋಧಿಗಳಷ್ಟೇ ತಾಳ್ಮೆಯಿಂದ ಕೇಳಿ; ಪಾಳುಬೀಳುತ್ತಿರುವ ಗೋಡೆಗಳನ್ನು ದಿನವೂ ನೋಡುವವರ ಬೇಸರ ಸಣ್ಣದಲ್ಲ.

ಸಭೆಯನ್ನು ದೋಣಿಯ ವೇಳೆಗೆ ಹೊಂದಿಸಿ. ಎಲ್ಲರೂ ಎಲ್ಲರ ನೆರೆಹೊರೆಯವರೇ ಆಗಿರುವ ಊರಿನಲ್ಲಿ ಕೈಯೆತ್ತಿಸುವುದು ಮುಜುಗರಕ್ಕೆ ದಾರಿ, ಆದ್ದರಿಂದ ಗುಪ್ತ ಮತದಾನವೇ ಲೇಸು.

ಸಮುದಾಯವೇ ಕೊಳ್ಳಲು ಬಯಸಿದರೆ, ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆಯಡಿ ತನ್ನ ಆಸಕ್ತಿಯನ್ನು, ಅಂದರೆ ಆಸ್ತಿ ಮಾರಾಟಕ್ಕೆ ಬಂದಾಗ ಮೊದಲು ಕೊಳ್ಳುವ ಅವಕಾಶದ ಕೋರಿಕೆಯನ್ನು, ನೋಂದಾಯಿಸಬಹುದು. ಇದಕ್ಕೆ ಸಮುದಾಯದ ಬೆಂಬಲವನ್ನು ಸಹಿಗಳ ಮೂಲಕ ತೋರಿಸಬೇಕಾಗುವುದರಿಂದ, ಮಾರಾಟದ ಸುದ್ದಿ ಬರುವ ಮುನ್ನವೇ ಸಹಿ ಸಂಗ್ರಹಕ್ಕೆ ತೊಡಗುವುದು ಒಳ್ಳೆಯದು.