ಸೀಸದ ಮುದ್ರೆ: ಮೊದಲು ತೂತು ನೋಡಿ, ಆಮೇಲೆ ಅಕ್ಷರ

ಕಾರವಾರ, ಕುಮಟಾ ಕಡೆಯ ಹಳೇ ಬಂದರುಗಳ ಆಸುಪಾಸಿನಲ್ಲಿ ಲೋಹ ಹುಡುಕುವ ಡಿಟೆಕ್ಟರ್‌ಗೆ ಬೂದು ಬಣ್ಣದ ಭಾರದ ಬಿಲ್ಲೆ ಸಿಕ್ಕರೆ ಅದು ಹಿಂದೆ ಸರಕಿನ ಮೂಟೆಗೆ ಹಾಕುತ್ತಿದ್ದ ಸೀಸದ ಮುದ್ರೆ ಇರಬಹುದು. ಎಲ್ಲರೂ ಅದರಲ್ಲಿ ಮೊದಲು ಹುಡುಕುವುದು ಅಕ್ಷರ. ಸವೆದ ಅಕ್ಷರದಲ್ಲಿ ಮನಸ್ಸಿಗೆ ಬಂದದ್ದೆಲ್ಲ ಕಾಣುತ್ತದೆ. ಕಟ್ಟಿದ ರೀತಿಯಿಂದ ಶುರುಮಾಡುವುದೇ ವಾಸಿ.

ಅದಕ್ಕೂ ಮೊದಲು ಎರಡು ಮಾತು. ಮಿರ್ಜಾನ ಕೋಟೆಯಂಥ ಸಂರಕ್ಷಿತ ಜಾಗದಲ್ಲಿ ಅಗೆಯುವಂತಿಲ್ಲ. ಬೇರೆ ಕಡೆಯೂ ಜಮೀನಿನವರ ಒಪ್ಪಿಗೆ ಬೇಕು. ಬೆಲೆಬಾಳುವ ಹಳೇ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇನ್ನು ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದಂಶ ಜಾಸ್ತಿ; ಗ್ರೌಂಡ್ ಬ್ಯಾಲೆನ್ಸ್ (ಯಂತ್ರವನ್ನು ಆ ನೆಲಕ್ಕೆ ತಕ್ಕಂತೆ ಹೊಂದಿಸುವುದು) ಮಾಡದಿದ್ದರೆ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ.

ಸೀಸ ಹೌದೋ ಅಲ್ಲವೋ ನೋಡಲು 0.1 ಗ್ರಾಂ ತೋರಿಸುವ ತಕ್ಕಡಿ ಸಾಕು. ಒಣ ತೂಕ ಬರೆದುಕೊಳ್ಳಿ. ಮುಕ್ಕಾಲು ನೀರಿರುವ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬಿಲ್ಲೆಯನ್ನು ದಾರದಲ್ಲಿ ಪೂರ್ತಿ ಮುಳುಗುವಂತೆ, ತಳ ಮುಟ್ಟದಂತೆ ಇಳಿಬಿಡಿ. ಒಣ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿ. 22.6 ಗ್ರಾಂ ಬಿಲ್ಲೆಗೆ 2 ಬಂದರೆ 11.3, ಅಂದರೆ ಸೀಸ. ತವರ, ಸತುವಾದರೆ ಏಳರ ಆಸುಪಾಸು.

ತೊಳೆಯಲು ಬರೀ ನೀರು, ಮೆತ್ತನೆ ಬ್ರಷ್. ಹಿತ್ತಾಳೆ ಪಾತ್ರೆ ಅಂದುಕೊಂಡು ಹುಣಸೆಹಣ್ಣೋ ಮುರುಗಲ ಹುಳಿಯೋ ಹಚ್ಚಿದರೆ ಕೆಲಸ ಕೆಟ್ಟಿತು. ಗೆರೆಗಳು ಉಳಿದಿರುವುದೇ ಮೇಲಿನ ಬೂದು ಪದರದಲ್ಲಿ. ಮರದ ಪೆಟ್ಟಿಗೆಯೂ ಬೇಡ; ಮರದ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ. ಪಾಲಿಥೀನ್ ಚೀಲ ಒಳ್ಳೆಯದು. ಪುಡಿ ವಿಷ, ಕೈ ತೊಳೆಯಿರಿ.

ಈಗ ತೂತು. ಎರಡು ಬಿಲ್ಲೆಗಳನ್ನು ಪಟ್ಟಿ ಜೋಡಿಸಿದ್ದು, ಒಂದರ ಮೊಳೆ ಇನ್ನೊಂದರ ತೂತಿನಲ್ಲಿ ಕೂತಿದ್ದರೆ ಅದು ಬಟ್ಟೆಯ ಮುದ್ರೆ. ಹೆಚ್ಚಾಗಿ ಅರ್ಧವೇ ಸಿಗುತ್ತದೆ: ಅಂಚಿನಲ್ಲಿ ಮುರಿದ ಪಟ್ಟಿಯ ತುಣುಕು, ಒಳಮೈಯಲ್ಲಿ ಕೆಲವೊಮ್ಮೆ ನೇಯ್ಗೆಯ ಅಚ್ಚು. ದಪ್ಪ ಗುಂಡಿಯಂತಿದ್ದು, ಬದಿಯಿಂದ ಬದಿಗೆ ಎರಡು ಸುರಂಗ ಕೊರೆದಂತಿದ್ದರೆ ದಾರ ಪೋಣಿಸಿ ಇಕ್ಕಳದಲ್ಲಿ ಅದುಮಿದ ಮುದ್ರೆ. ಸುರಂಗದಲ್ಲಿ ತಂತಿಯ ತುಕ್ಕು ಇದ್ದರೆ ಅಷ್ಟೇನೂ ಹಳೆಯದಲ್ಲ. ರೈಲ್ವೆ ವ್ಯಾಗನ್, ಕರೆಂಟ್ ಮೀಟರಿನದಿರಬಹುದು. ನಡುವೆ ಒಂದೇ ದುಂಡು ತೂತಿನ ಚಪ್ಪಟೆ ಬಿಲ್ಲೆ ಬಹುಪಾಲು ತಗಡಿನ ಮಾಡಿನ ವಾಷರ್. ಸುರುಳಿ ಸುತ್ತಿದ್ದು ಬಲೆಯ ಗುಂಡು.

ಅಕ್ಷರಕ್ಕೆ ಕತ್ತಲಲ್ಲಿ ಟಾರ್ಚನ್ನು ಬದಿಯಿಂದ, ತೀರಾ ತಗ್ಗಿಸಿ ಹಿಡಿದು ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ. ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಡಿ, ಸೀಸ ಮೆತ್ತಗೆ. ಇಂಗ್ಲಿಷಿನ ವಿ (V) ಅಕ್ಷರದ ಎರಡು ಕಾಲಿನ ಮೇಲೆ ಓ (O), ಸಿ (C) ಕೂತಿದ್ದರೆ ಡಚ್ ಈಸ್ಟ್ ಇಂಡಿಯಾ ಕಂಪನಿ, 1602ರಿಂದ 1799. ಹೃದಯದಾಕಾರದ ನಾಲ್ಕು ಮನೆಗಳಲ್ಲಿ ವಿ, ಇ, ಐ, ಸಿ, ತಲೆಯ ಮೇಲೆ 4ರಂಥ ಗುರುತು ಇದ್ದರೆ, 1709ರಲ್ಲಿ ಎರಡು ಇಂಗ್ಲಿಷ್ ಕಂಪನಿಗಳು ವಿಲೀನವಾದ ನಂತರದ ಈಸ್ಟ್ ಇಂಡಿಯಾ ಕಂಪನಿ. 1833ರ ಕಾಯ್ದೆ ಕಂಪನಿಯ ವ್ಯಾಪಾರವನ್ನೇ ನಿಲ್ಲಿಸಿದ್ದರಿಂದ ಮುದ್ರೆ ಆಮೇಲಿನದಾಗಿರುವುದು ಕಷ್ಟ. ಇದೇ ಗುರುತು ಅವರ ತಾಮ್ರದ ಕಾಸಿನ ಮೇಲೂ ಇದೆ. ಹಸಿರು ಕಿಲುಬಿದ್ದರೆ ಕಾಸೇ.

ಊರಿನ ಹೆಸರು ಹೇಳಲು ಆತುರ ಬೇಡ. ಇಂಗ್ಲಿಷರು 1638ರಲ್ಲೇ ಕಾರವಾರದಲ್ಲಿ ಕೋಠಿ (ವ್ಯಾಪಾರದ ಮಳಿಗೆ) ತೆರೆದರು ನಿಜ, ಆದರೆ ಮುದ್ರೆ ಉದುರುವುದು ಮೂಟೆ ಕಟ್ಟಿದಲ್ಲಲ್ಲ, ಬಿಚ್ಚಿದಲ್ಲಿ. ಇಲ್ಲಿ ಸಿಕ್ಕದ್ದು ಹೆಚ್ಚಾಗಿ ಹೊರಗಿನಿಂದ ಬಂದ ಸರಕಿನದು. ಸಿಕ್ಕ ಜಾಗ, ಆಳ, ಜೊತೆಗೆ ಸಿಕ್ಕ ವಸ್ತುಗಳನ್ನು ತೊಳೆಯುವ ಮೊದಲೇ ಬರೆದಿಡಿ.